ವಿಚ್ಛೇದನದ ನಂತರ ಕುಲನಾಮ: ನಿರ್ಧಾರ ಆಕೆಯದೇ ಆಗಿರಲಿ

ವಿಚ್ಛೇದನವೆಂಬ ಮಾತನ್ನು ನಮ್ಮ ಕಥೋಲಿಕ ಕುಟುಂಬಗಳಲ್ಲಿ ಇಂದಿಗೂ ದನಿ ತಗ್ಗಿಸಿಯೇ ಆಡಲಾಗುತ್ತದೆ. ಆದರೆ ದನಿ ತಗ್ಗಿಸಿದ ಮಾತ್ರಕ್ಕೆ ವಾಸ್ತವವು ಇಲ್ಲವಾಗದು. ನ್ಯಾಯಾಲಯದ ತೀರ್ಪು ಕೈಸೇರಿದ ಮೇಲೆ ಹೆಣ್ಣುಮಗಳೊಬ್ಬಳು ಎದುರಿಸುವ ಪ್ರಶ್ನೆಗಳಲ್ಲಿ ಒಂದು, ಮೇಲ್ನೋಟಕ್ಕೆ ಚಿಕ್ಕದೆನಿಸಿದರೂ, ಆಕೆಯ ದಿನನಿತ್ಯದ ಬದುಕನ್ನೇ ತಟ್ಟುವಂಥದು. ಮದುವೆಯೊಂದಿಗೆ ಬಂದ ಗಂಡನ ಕುಲನಾಮವನ್ನು ಉಳಿಸಿಕೊಳ್ಳುವುದೇ, ಇಲ್ಲವೇ ತವರಿನ ಕುಲನಾಮಕ್ಕೆ ಮರಳುವುದೇ?

ಉಳಿಸಿಕೊಂಡರೆ ‘ಸಂಬಂಧ ಮುಗಿದ ಮೇಲೆ ಆ ಹೆಸರೇಕೆ?’ ಎನ್ನುವವರಿದ್ದಾರೆ. ತೊರೆದರೆ ‘ದೇವರ ಮುಂದೆ ಆದ ಮದುವೆಯನ್ನೇ ಧಿಕ್ಕರಿಸಿದಳು’ ಎನ್ನುವವರೂ ಇದ್ದಾರೆ. ಶ್ರದ್ಧಾವಂತ ಸೋದರಿಯರನ್ನು ಹೆಚ್ಚು ನೋಯಿಸುವುದು ಈ ಎರಡನೆಯ ಮಾತು. ಆದುದರಿಂದ ಮೊದಲು ಅದನ್ನೇ ಪರಿಶೀಲಿಸೋಣ.

ಮದುವೆಯನ್ನು ಉಂಟುಮಾಡುವುದು ವಧೂವರರ ಪರಸ್ಪರ ಸಮ್ಮತಿಯೆಂದು 1983ರ ಧರ್ಮಸಭಾ ಕಾನೂನು ಸಂಹಿತೆಯ 1057ನೆಯ ವಿಧಿ ಹೇಳುತ್ತದೆ. ವಧುವು ವರನ ಕುಲನಾಮವನ್ನು ಧರಿಸಬೇಕೆಂದು ಆ ಸಂಹಿತೆಯಲ್ಲಿ ಎಲ್ಲಿಯೂ ಇಲ್ಲ. ಜ್ಞಾನಸ್ನಾನದಲ್ಲಿ ಮಗುವಿನ ತಲೆಗೆ ನೀರೆರೆಯುವ ಧರ್ಮಗುರುಗಳು ಉಚ್ಚರಿಸುವುದು ಮಗುವಿನ ಹೆಸರನ್ನು, ಮನೆತನದ ಹೆಸರನ್ನಲ್ಲ. ನಮ್ಮ ಕರಾವಳಿಯ ಡಿ’ಸೋಜ, ಪಿಂಟೊ, ಲೋಬೊ ಮೊದಲಾದ ಕುಲನಾಮಗಳು ಪೋರ್ಚುಗೀಸರ ಕಾಲದಲ್ಲಿ ಗೋವೆಯಿಂದ ಬಂದವು. ಅದಕ್ಕೂ ಹಿಂದಿನ ಪ್ರಭು, ಕಾಮತ್, ಶೆಣೈ ಎಂಬ ಹೆಸರುಗಳ ನೆನಪು ಕೆಲವು ಮನೆಗಳಲ್ಲಿ ಇನ್ನೂ ಉಳಿದಿದೆ. ಕುಲನಾಮವು ಇತಿಹಾಸದ ಕೊಡುಗೆಯೇ ಹೊರತು ಸಂಸ್ಕಾರದ ಅಂಗವಲ್ಲ.

ನಾಗರಿಕ ವಿಚ್ಛೇದನದಿಂದ ವಿವಾಹ ಸಂಸ್ಕಾರದ ಬಂಧ ಕಡಿಯುವುದಿಲ್ಲವೆಂಬ ಧರ್ಮಸಭೆಯ ಬೋಧನೆಯನ್ನು ನಾವು ಬಲ್ಲೆವು. ವಿವಾಹವು ಆದಿಯಿಂದಲೇ ಅಸಿಂಧುವಾಗಿತ್ತೇ ಎಂಬುದನ್ನು ನಿರ್ಣಯಿಸುವುದು ಧರ್ಮಸಭೆಯ ನ್ಯಾಯಮಂಡಳಿ. ಆ ನಿರ್ಣಯಕ್ಕೆ ನಾಗರಿಕ ಕಾನೂನಿನ ಬಲವಿಲ್ಲವೆಂದು ಮಂಗಳೂರಿನ ಕ್ಲಾರೆನ್ಸ್ ಪಾಯ್ಸ್ ಅವರು ಹೂಡಿದ್ದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 2017ರಲ್ಲಿ ಸ್ಪಷ್ಟಪಡಿಸಿತು. ಎರಡು ದಾರಿಗಳೂ ಬೇರೆ ಬೇರೆ. ಆದರೆ ಕುಲನಾಮದ ಬದಲಾವಣೆಯು ಬಂಧವನ್ನು ಕಡಿಯುವುದೂ ಇಲ್ಲ, ಉಳಿಸುವುದೂ ಇಲ್ಲ.

ಇನ್ನು ದೇಶದ ಕಾನೂನಿನ ಮಾತು. ಪತ್ನಿಯು ಪತಿಯ ಕುಲನಾಮವನ್ನು ಧರಿಸಲೇಬೇಕೆಂಬ ಕಾನೂನು ಭಾರತದಲ್ಲಿಲ್ಲ. ಹೀಗಿದ್ದೂ, ವಿವಾಹಿತೆಯು ತವರಿನ ಹೆಸರಿಗೆ ಮರಳಲು ವಿಚ್ಛೇದನದ ದಾಖಲೆಯನ್ನಾಗಲಿ ಪತಿಯ ನಿರಾಕ್ಷೇಪಣಾ ಪತ್ರವನ್ನಾಗಲಿ ಒಪ್ಪಿಸಬೇಕೆಂಬ ಕೇಂದ್ರ ಸರಕಾರದ ಅಧಿಸೂಚನೆಯೊಂದನ್ನು 2024ರಲ್ಲಿ ದೆಹಲಿ ಉಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಬೇಕಾಗಿ ಬಂತು. ಸ್ವಂತ ಹೆಸರಿಗೆ ಮರಳಲು ಮತ್ತೊಬ್ಬರ ಅಪ್ಪಣೆ ಬೇಕೆಂಬ ಭಾವನೆ ಎಷ್ಟು ಆಳವಾಗಿ ಬೇರೂರಿದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ನಿರ್ಧಾರಕ್ಕೆ ಮುನ್ನ ಯೋಚಿಸಬೇಕಾದುದು ಬಹಳಷ್ಟಿದೆ. ಆಧಾರ್‌ನಲ್ಲಿ ಹೆಸರನ್ನು ಜೀವಮಾನದಲ್ಲಿ 2 ಬಾರಿ ಮಾತ್ರ ತಿದ್ದಲು ಅವಕಾಶವಿರುವುದರಿಂದ ಅವಸರ ಸಲ್ಲದು. ಗಲ್ಫ್ ದೇಶಗಳಲ್ಲಿ ದುಡಿಯುವ ದಾದಿಯರಿಗೆ ಪಾಸ್‌ಪೋರ್ಟ್, ವೀಸಾ, ವಿದ್ಯಾರ್ಹತೆಯ ಪತ್ರಗಳಲ್ಲಿ ಹೆಸರು ಹೊಂದಿಕೆಯಾಗುವುದು ಅನ್ನದ ಪ್ರಶ್ನೆಯೇ ಸರಿ. ಇಪ್ಪತ್ತು ವರ್ಷ ಒಂದೇ ಹೆಸರಿನಿಂದ ಪಾಠ ಹೇಳಿದ ಶಿಕ್ಷಕಿಗೆ ಆ ಹೆಸರು ಗಂಡನದ್ದೆನ್ನುವುದಕ್ಕಿಂತ ಸ್ವಂತ ದುಡಿಮೆಯದ್ದು. ಮಕ್ಕಳೊಡನೆ ಒಂದೇ ಕುಲನಾಮದಲ್ಲಿ ಇರಬೇಕೆಂಬ ತಾಯಿಯ ಆಸೆಯೂ ನ್ಯಾಯವಾದುದೇ. ಆದರೆ ಏಟು ತಿಂದು ಹೊರಬಂದವಳಿಗೆ ಪ್ರತಿ ಸಹಿಯಲ್ಲಿಯೂ ಆ ಹೆಸರನ್ನು ಬರೆಯುವುದೇ ಗಾಯವಾಗಬಹುದು. ಆಕೆ ಅದನ್ನು ಕಳಚಿಡುವುದು ಹಟವಲ್ಲ. ತಾಯಿಯ ಕುಲನಾಮ ಬದಲಾದರೆ ಮಕ್ಕಳ ಗೌರವಕ್ಕೆ ಕುಂದೆಂದು ಹೆದರಬೇಕಾಗಿಯೂ ಇಲ್ಲ. ಸದ್ಭಾವದಿಂದ ನಡೆದ ವಿವಾಹವು ಮುಂದೆ ಅಸಿಂಧುವೆಂದು ಘೋಷಿತವಾದರೂ ಅದರಲ್ಲಿ ಹುಟ್ಟಿದ ಮಕ್ಕಳು ಧರ್ಮಸಮ್ಮತ ಸಂತಾನವೆಂದು ಧರ್ಮಸಭಾ ಕಾನೂನಿನ 1137ನೆಯ ವಿಧಿಯೇ ಅಭಯ ನೀಡಿದೆ.

ಆದುದರಿಂದ ತಂದೆತಾಯಿಗಳಲ್ಲಿ ನಮ್ಮ ವಿನಂತಿಯಿಷ್ಟೆ: ಮಗಳಿಗೆ ಸಲಹೆ ನೀಡಿರಿ, ಒತ್ತಡ ಹೇರದಿರಿ. ಮನೆತನದ ಮಾನವು ಮಗಳ ಸಹಿಯ ಮೇಲೆ ನಿಂತಿಲ್ಲ. ವಾಳೆಯ ಗುರಿಕಾರರೂ ಧರ್ಮಕೇಂದ್ರದ ಪದಾಧಿಕಾರಿಗಳೂ ಕುಟುಂಬಗಳ ಪಟ್ಟಿ ಬರೆಯುವಾಗ ಊಹಿಸುವ ಬದಲು ಆಕೆಯನ್ನೇ ಕೇಳಲಿ. ಆಕೆ ಹೇಳಿದ ಹೆಸರನ್ನು, ಕಾರಣ ಕೆದಕದೆ, ಬರೆದುಕೊಳ್ಳಲಿ. ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ ನಾವೂ ಅದೇ ಹೆಸರಿನಿಂದ ಆಕೆಯನ್ನು ಕರೆದು ಮಾತನಾಡಿಸೋಣ. ಒಳ್ಳೆಯ ಕುರುಬನು ತನ್ನ ಕುರಿಗಳನ್ನು ಕರೆಯುವುದು ಹೆಸರು ಹಿಡಿದೇ ಅಲ್ಲವೆ?