ದಾಸವಾಳಕ್ಕೆ ದೊರೆತ ಪಟ್ಟ

ನಾಡೊಂದು ತನ್ನ ಹೂವನ್ನು ಆರಿಸಿಕೊಳ್ಳುವಾಗ ಚೆಲುವನ್ನಷ್ಟೇ ನೋಡುವುದಿಲ್ಲವೆಂಬುದಕ್ಕೆ ಮಲೇಷ್ಯದ ನಿದರ್ಶನವನ್ನು ವಾಚಕರ ಮುಂದಿಡುತ್ತೇನೆ. 1957ರಲ್ಲಿ ಸ್ವತಂತ್ರವಾದ ಮಲಯದಲ್ಲಿ ಕೃಷಿ ಸಚಿವಾಲಯವು ಮರುವರ್ಷ ಏಳು ಹೂಗಳನ್ನು ಸೂಚಿಸಿತು. ಮಲ್ಲಿಗೆ, ಕಮಲ, ಗುಲಾಬಿ, ಬಕುಳ, ಸಂಪಿಗೆ ಅವುಗಳಲ್ಲಿದ್ದವು. ಸಂಪಿಗೆಯ ಮಲಯ ಹೆಸರು ‘ಚೆಂಪಾಕ’. ನಮ್ಮ ಚಂಪಕವೇ ಕಡಲು ದಾಟಿ ಹೋದುದು. ಕವಿಗಳ ಕೈಗೆ ಬಿಟ್ಟಿದ್ದರೆ ಇವುಗಳಲ್ಲೊಂದು ಗೆಲ್ಲುತ್ತಿತ್ತು. 1960ರಲ್ಲಿ ಪಟ್ಟವೇರಿದ್ದಾದರೋ ಪರಿಮಳವಿಲ್ಲದ ಕೆಂಪು ದಾಸವಾಳ!

ಆಯ್ಕೆ ಉಚಿತವೆಂದೇ ನನ್ನ ಭಾವನೆ. ಮಲಯರು, ಚೀನೀಯರು, ಭಾರತೀಯರು ಕೂಡಿ ಬಾಳಬೇಕಾದ ನಾಡು ಅದು. ಕಮಲವನ್ನು ಆರಿಸಿದ್ದರೆ ಮತದ ನೆನಪು ಬಂದೇ ಬರುತ್ತಿತ್ತು; ದಾಸವಾಳ ಯಾರ ಬೇಲಿಯಲ್ಲಾದರೂ ಅರಳುತ್ತದೆ. (ನಮ್ಮಲ್ಲಿ ದೇವಿಯ ಮುಡಿಗೇರುವ ಹೂವೂ ಅದೇ ಎಂಬುದು ಬೇರೆ ಮಾತು.) ಸಸ್ಯಶಾಸ್ತ್ರದಲ್ಲಿ ಅದಕ್ಕಿರುವ ಹೆಸರಿನ ಅರ್ಥವೋ, ‘ಚೀನದ ಗುಲಾಬಿ’!

ಆದರೆ ಹೂವಿಗೆ ಅದರ ದೊಡ್ಡ ಅರ್ಥ ಬಂದುದು ಪಟ್ಟಕ್ಕೆ ಹತ್ತು ವರ್ಷಗಳ ಬಳಿಕ. 1969ರ ಮೇ 13ರಂದು ಕೌಲಾಲಂಪುರದಲ್ಲಿ ಮಲಯರಿಗೂ ಚೀನೀಯರಿಗೂ ನಡುವೆ ಗಲಭೆ ಭುಗಿಲೆದ್ದು ನೂರಾರು ಜೀವಗಳು ಹೋದವು. 1970ರಲ್ಲಿ ‘ರುಕುನ್ ನೆಗಾರ’ ಎಂಬ ಐದು ರಾಷ್ಟ್ರತತ್ತ್ವಗಳನ್ನು ಸಾರಲಾಯಿತು: ದೈವಶ್ರದ್ಧೆ, ದೊರೆ ಮತ್ತು ದೇಶದಲ್ಲಿ ನಿಷ್ಠೆ, ಸಂವಿಧಾನದ ಹಿರಿಮೆ, ಕಾನೂನಿನ ಆಳ್ವಿಕೆ, ಸೌಜನ್ಯ ಮತ್ತು ಸದಾಚಾರ. ದಾಸವಾಳದ ಎಸಳುಗಳೂ ಐದು. ಎಸಳಿಗೊಂದು ತತ್ತ್ವವೆಂದು ವಿವರಿಸುವುದು ವಾಡಿಕೆಯಾಯಿತು.

ನನ್ನ ಕಣ್ಣು ನಿಲ್ಲುವುದು ಐದನೆಯ ಎಸಳಿನ ಮೇಲೆ. ಮಿಕ್ಕವನ್ನು ಸರ್ಕಾರ ಹೇಗೋ ಕಾಯ್ದುಕೊಳ್ಳಬಹುದು. ಸೌಜನ್ಯವನ್ನು ಮಾತ್ರ ನೆರೆಮನೆಯವರಿಂದ ನೆರೆಮನೆಯವರಿಗೆ ಕೇಳಿಕೊಳ್ಳಬೇಕಾಯಿತು, ರಕ್ತ ಹರಿದ ಮರುವರ್ಷವೇ.