ಅಳಿಸಿ ಬರೆಯುವವರು

ಎಸ್ಸೆಸ್ಸೆಲ್ಸಿ ಫಲಿತಾಂಶದ ಮರುದಿನ ಪತ್ರಿಕೆಗಳಲ್ಲಿ ತಪ್ಪದೆ ಬರುವ ಸಾಲೊಂದಿದೆ: ಈ ಬಾರಿಯೂ ಬಾಲಕಿಯರದೇ ಮೇಲುಗೈ. ಕೆಳಗೆ ಒಂದು ಫೋಟೊ, ಮಗಳ ಬಾಯಿಗೆ ಸಿಹಿ ಇಡುತ್ತಿರುವ ಅಪ್ಪ ಅಮ್ಮ. ಆ ಫೋಟೊ ನೋಡಿ ನಾನೂ ಹಿಗ್ಗುತ್ತೇನೆ. ಆದರೆ ಏಳೆಂಟು ವರ್ಷ ಕಳೆದ ಮೇಲೆ ಅದೇ ಹುಡುಗಿಯರನ್ನು ಗಣಿತದ ಸಂಶೋಧನೆಯಲ್ಲಿ ಹುಡುಕಿದರೆ ಸಿಗುವವರು ತೀರಾ ಕಡಿಮೆ. ಬುದ್ಧಿ ಸಾಲದೆ ಹೀಗಾಯಿತು ಎನ್ನುವ ಹಾಗಿಲ್ಲ, ಅಂಕಪಟ್ಟಿಯೇ ಎದುರು ಸಾಕ್ಷಿ ಹೇಳುತ್ತದೆ. ಇದು ನನ್ನಂಥವಳು ಮಾಡುವ ಕೆಲಸ ಎಂಬ ನಂಬಿಕೆ ನಡುದಾರಿಯಲ್ಲಿ ಎಲ್ಲೋ ಕಳಚಿ ಬೀಳುತ್ತದೆ.

ಅದು ಕಳಚುವುದನ್ನು ಒಮ್ಮೆ ಕಣ್ಣಾರೆ ಕಂಡೆ. ನೆಂಟರ ಮನೆ. ಎಂಟನೇ ತರಗತಿಯ ಹುಡುಗಿ ಬೀಜಗಣಿತದ ಪುಸ್ತಕ ಹಿಡಿದು ಅಡುಗೆಮನೆಗೆ ಬಂದಳು. ಅಮ್ಮ ಪುಸ್ತಕದ ಕಡೆ ತಿರುಗಲೂ ಇಲ್ಲ. "ನಂಗೆ ಲೆಕ್ಕ ಅಂದ್ರೆ ಮೊದಲಿಂದ್ಲೂ ಆಗ್ತಿರಲಿಲ್ಲ ಕಣೇ, ನಿಮ್ಮಪ್ಪ ಬರ್ಲಿ, ಕೇಳು" ಅಂದರು. ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯವರು ಈ ತಿಂಗಳ ಚೀಟಿ ದುಡ್ಡು ಎಷ್ಟೆಂದು ಕೇಳಿಕೊಂಡು ಬಂದರು. ಅಮ್ಮ ನಡೆಸುವ ಇಪ್ಪತ್ತು ಜನರ ಚೀಟಿ, ತಿಂಗಳಿಗೆ ತಲಾ ಸಾವಿರ. ಆ ತಿಂಗಳು ಯಾರೋ ನಾಲ್ಕು ಸಾವಿರ ಬಿಟ್ಟುಕೊಟ್ಟು ಎತ್ತಿದ್ದರು. ಒಗ್ಗರಣೆಯಿಂದ ಕಣ್ಣು ತೆಗೆಯದೆ ಅಮ್ಮ ಹೇಳಿದರು: "ಅವರ ಕೈಗೆ ಹದಿನಾರು. ನಮಗೆಲ್ಲ ತಲಾ ಇನ್ನೂರು ಕಳೀತು, ಎಂಟ್ನೂರು ಕೊಡಿ ಸಾಕು." ಮಗಳ ಪುಸ್ತಕದಲ್ಲಿ ಎಕ್ಸ್ ಎಂದು ಬರೆದಿದ್ದ ಲೆಕ್ಕವೂ ಇದೇ ಜಾತಿಯದು. ಎರಡನ್ನೂ ಆ ಮನೆಯಲ್ಲಿ ಯಾರೂ ಜೋಡಿಸಿ ನೋಡಲಿಲ್ಲ. ಹುಡುಗಿ ಪುಸ್ತಕ ಮಡಚಿ ಅಪ್ಪನಿಗಾಗಿ ಕಾದು ಕೂತಳು.

ಇಂಥ ಮಾತು ಮಕ್ಕಳಿಗೆ ಹೇಗೆ ದಾಟುತ್ತದೆ ಎಂಬುದನ್ನು ಅಮೆರಿಕದ ಸಂಶೋಧಕರು ಅಳೆದು ನೋಡಿದ್ದಾರೆ. 2010ರಲ್ಲಿ ಪ್ರಕಟವಾದ ಅಧ್ಯಯನ ಅದು. ಒಂದು ಮತ್ತು ಎರಡನೇ ತರಗತಿಯ 17 ಶಿಕ್ಷಕಿಯರನ್ನೂ ಅವರ ಮಕ್ಕಳನ್ನೂ ಒಂದು ಶಾಲಾ ವರ್ಷ ಗಮನಿಸಿದರು. ವರ್ಷದ ಆರಂಭದಲ್ಲಿ ಟೀಚರ್‌ಗೆ ಗಣಿತದ ಬಗ್ಗೆ ಇದ್ದ ಅಂಜಿಕೆಗೂ ಮಕ್ಕಳ ಕಲಿಕೆಗೂ ನಂಟು ಕಾಣಲಿಲ್ಲ. ವರ್ಷ ಮುಗಿಯುವ ಹೊತ್ತಿಗೆ, ಟೀಚರ್ ಹೆಚ್ಚು ಅಂಜುತ್ತಿದ್ದ ಕಡೆ ಹೆಣ್ಣುಮಕ್ಕಳು ಗಣಿತ ಗಂಡುಹುಡುಗರ ವಿಷಯ ಎಂದು ನಂಬುವುದು ಹೆಚ್ಚಿತ್ತು, ಹಾಗೆ ನಂಬಿದವರ ಕಲಿಕೆಯೂ ಹಿಂದೆ ಬಿದ್ದಿತ್ತು. ಹುಡುಗರಿಗೆ ಏನೂ ಆಗಿರಲಿಲ್ಲ. ಮಾದರಿ ಎಂಬುದು ನಾವು ಆರಿಸಿ ಗೋಡೆಗೆ ತೂಗುಹಾಕಿದಾಗ ಮಾತ್ರ ಹುಟ್ಟುವುದಿಲ್ಲ. ಹುಡುಗಿ ದಿನವೂ ಯಾರನ್ನು ನೋಡುತ್ತಾಳೋ ಅವರೆಲ್ಲ ಮಾದರಿಯೇ, ಅವರಿಗೆ ಅದು ಗೊತ್ತಿರಲಿ ಬಿಡಲಿ.

ಗೋಡೆಯ ಮೇಲೆ ನಾವು ತೂಗುಹಾಕುವುದು ಯಾರನ್ನು? ಡಿಸೆಂಬರ್ 22ರ ಗಣಿತ ದಿನದಂದು ರಾಮಾನುಜನ್. ಹೆಣ್ಣೊಬ್ಬಳ ಹೆಸರು ಬೇಕೆಂದರೆ ಶಕುಂತಲಾ ದೇವಿ, ನಮ್ಮ ಬೆಂಗಳೂರಿನವರು. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹದಿಮೂರು ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡುಗಳಲ್ಲಿ ಮನಸ್ಸಿನಲ್ಲೇ ಗುಣಿಸಿದರು. ಆ ಪ್ರತಿಭೆಗೆ ನಾನು ಕೈಮುಗಿಯುತ್ತೇನೆ. ಆದರೆ ತರಗತಿಯ ಹುಡುಗಿಗೆ ಅದರಿಂದ ಸಿಗುವ ಪಾಠದ ಬಗ್ಗೆ ನನಗೆ ಕಳವಳವಿದೆ. ಗಣಿತ ಅಂದರೆ ವೇಗ ಎಂದು ಅವಳು ತಿಳಿಯುತ್ತಾಳೆ. ಒಂದು ಲೆಕ್ಕಕ್ಕೆ ನಲವತ್ತು ನಿಮಿಷ ಬೇಕಾದ ದಿನ, ಇದು ನನಗಲ್ಲ ಎಂದು ತೀರ್ಮಾನಿಸಿಬಿಡುತ್ತಾಳೆ.

ಅವಳಿಗೆ ಹೇಳಬೇಕಾದ ಕತೆ ಮರಿಯಂ ಮಿರ್ಜಾಖಾನಿಯವರದು. 1977ರಲ್ಲಿ ಟೆಹ್ರಾನಿನಲ್ಲಿ ಹುಟ್ಟಿದ ಈಕೆ ಮಾಧ್ಯಮಿಕ ಶಾಲೆಯ ಮೊದಲ ವರ್ಷ ಗಣಿತದಲ್ಲಿ ಹಿಂದಿದ್ದರು. ಇವಳಲ್ಲಿ ವಿಶೇಷವೇನಿಲ್ಲ ಎಂದು ಆಗಿನ ಟೀಚರ್‌ಗೆ ಅನ್ನಿಸಿತ್ತು, ಹುಡುಗಿಗೂ ಆಸಕ್ತಿ ಹೋಯಿತು. ಮರುವರ್ಷ ಬಂದ ಟೀಚರ್ ಬೆನ್ನು ತಟ್ಟಿದರು, ಹುಡುಗಿ ಮತ್ತೆ ಚಿಗುರಿದಳು. 1994 ಮತ್ತು 1995ರ ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡುಗಳಲ್ಲಿ ಚಿನ್ನ, ಎರಡನೆಯ ಸಲ ಪೂರ್ಣಾಂಕ. 2014ರಲ್ಲಿ ಫೀಲ್ಡ್ಸ್ ಪದಕ; 1936ರಿಂದ ಕೊಡುತ್ತಿರುವ ಆ ಪದಕ ಹೆಣ್ಣೊಬ್ಬಳ ಕೈಸೇರಿದ್ದು ಅದೇ ಮೊದಲು. ಆಕೆ ತನ್ನನ್ನು ನಿಧಾನಗತಿಯವಳು ಎಂದೇ ಕರೆದುಕೊಳ್ಳುತ್ತಿದ್ದರು. ಮನೆಯ ನೆಲದ ಮೇಲೆ ದೊಡ್ಡ ದೊಡ್ಡ ಹಾಳೆ ಹಾಸಿ, ಮಂಡಿಯೂರಿ, ಒಂದೇ ಬಗೆಯ ಆಕೃತಿಗಳನ್ನು ಮತ್ತೆ ಮತ್ತೆ ಗೀಚುತ್ತಿದ್ದರಂತೆ. ಪುಟ್ಟ ಮಗಳು ನೋಡಿ, ಅಮ್ಮ ಚಿತ್ರ ಬರೀತಿದ್ದಾಳೆ ಅನ್ನುತ್ತಿದ್ದಳು. ಆ ಮಗು ಕಂಡದ್ದನ್ನು ನಮ್ಮ ಹುಡುಗಿಯರೂ ಕಾಣಬೇಕು ಎಂಬುದು ನನ್ನ ಆಸೆ: ದೊಡ್ಡವಳೊಬ್ಬಳು ಗೊತ್ತಿಲ್ಲದ್ದರ ಮುಂದೆ ಹೆದರದೆ ಕೂತಿರುವುದು, ತಪ್ಪಿದ್ದನ್ನು ಅಳಿಸಿ ಮತ್ತೆ ಬರೆಯುವುದು.

ಮಿರ್ಜಾಖಾನಿ 2017ರಲ್ಲಿ, ನಲವತ್ತಕ್ಕೇ ತೀರಿಕೊಂಡರು. ಅವರು ಹುಟ್ಟಿದ ಮೇ 12ನ್ನು ಈಗ ಜಗತ್ತಿನ ಹಲವೆಡೆ ಗಣಿತದ ಮಹಿಳೆಯರ ದಿನವಾಗಿ ಆಚರಿಸುತ್ತಾರೆ. ನಮ್ಮಲ್ಲಿ ಅದು ಬೇಸಿಗೆ ರಜೆ, ಶಾಲೆಗೆ ಬೀಗ.

ಹತ್ತಿರದ ಹೆಸರುಗಳೂ ನಮಗೆ ಬೇಕಾದಷ್ಟಿವೆ. ರಾಜೇಶ್ವರಿ ಚಟರ್ಜಿ 1922ರಲ್ಲಿ ಹುಟ್ಟಿದವರು. ಅವರ ಅಜ್ಜಿ ಕಮಲಮ್ಮ ದಾಸಪ್ಪ ಹಳೆಯ ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ಮೊಮ್ಮಗಳು ಅಕ್ಷರ ಕಲಿತದ್ದು ಅಜ್ಜಿ ಕಟ್ಟಿದ ಶಾಲೆಯಲ್ಲೇ. ಇತಿಹಾಸದತ್ತ ಮನಸ್ಸಿದ್ದರೂ ಕೊನೆಗೆ ಗಣಿತ ಹಿಡಿದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಗಣಿತದ ಬಿಎಸ್ಸಿ ಆನರ್ಸ್, ಎಮ್ಮೆಸ್ಸಿ ಎರಡರಲ್ಲೂ ಮೈಸೂರು ವಿಶ್ವವಿದ್ಯಾಲಯಕ್ಕೆ ಮೊದಲಿಗರಾದರು. 1943ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ, ಮುಂದೆ ಮಿಶಿಗನ್ನಿನಲ್ಲಿ ಡಾಕ್ಟರೇಟ್ ಪಡೆದು, 1953ರಲ್ಲಿ ಬೆಂಗಳೂರಿನ ಅದೇ ಸಂಸ್ಥೆಗೆ ಅಧ್ಯಾಪಕಿಯಾಗಿ ಮರಳಿದರು. ಮೈಕ್ರೋವೇವ್, ಆಂಟೆನಾಗಳ ಕುರಿತು ಅವರು ಕಲಿಸಿದ್ದರ ಬೇರಿನಲ್ಲಿ ಇದ್ದದ್ದು ಆ ಗಣಿತವೇ. ಈ ಕತೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವವರು ಅಜ್ಜಿ. ಓದಿದ ಹೆಂಗಸು ಹೇಗಿರುತ್ತಾಳೆ ಎಂದು ಆ ಹುಡುಗಿ ಯಾರನ್ನೂ ಕೇಳಬೇಕಾಗಿರಲಿಲ್ಲ, ಮನೆಯಲ್ಲೇ ಇದ್ದರು.

ಇನ್ನೊಂದು ಸರಣಿ ನೋಡಿ. ತಮಿಳುನಾಡಿನ ರಾಮನ್ ಪರಿಮಳಾ ಬೀಜಗಣಿತದಲ್ಲಿ ದೊಡ್ಡ ಹೆಸರು. 2010ರಲ್ಲಿ ಹೈದರಾಬಾದಿನಲ್ಲಿ ಜಗತ್ತಿನ ಗಣಿತಜ್ಞರ ಮಹಾಸಮ್ಮೇಳನ ನಡೆದಾಗ ಇಡೀ ಸಭೆಯ ಮುಂದೆ ಉಪನ್ಯಾಸ ಕೊಟ್ಟವರಲ್ಲಿ ಅವರೂ ಒಬ್ಬರು. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಅವರ ಕೈಕೆಳಗೆ ಪಿಎಚ್‌ಡಿ ಮಾಡಿದವರು ಸುಜಾತಾ ರಾಮದೊರೈ. ಬೆಂಗಳೂರಿನ ಸೇಂಟ್ ಜೋಸೆಫ್ ಕಾಲೇಜಿನಲ್ಲಿ ಬಿಎಸ್ಸಿ ಓದಿ, ಎಮ್ಮೆಸ್ಸಿಯನ್ನು ಅಣ್ಣಾಮಲೈ ವಿಶ್ವವಿದ್ಯಾಲಯದಿಂದ ಅಂಚೆ ತೆರಪಿನಲ್ಲಿ ಮುಗಿಸಿದ್ದ ಈಕೆ, 2006ರಲ್ಲಿ ಇಟಲಿಯ ಟ್ರಿಯೆಸ್ಟ್‌ನಲ್ಲಿರುವ ಅಂತರರಾಷ್ಟ್ರೀಯ ಸೈದ್ಧಾಂತಿಕ ಭೌತವಿಜ್ಞಾನ ಕೇಂದ್ರ ಕೊಡುವ ರಾಮಾನುಜನ್ ಪ್ರಶಸ್ತಿ ಪಡೆದ ಮೊದಲ ಭಾರತೀಯ ವ್ಯಕ್ತಿಯಾದರು. ಅಂಚೆ ತೆರಪು ಎಂಬ ಪದವನ್ನು ಹುಡುಗಿಯರ ಮುಂದೆ ಒತ್ತಿ ಹೇಳಬೇಕು. ನಮ್ಮ ತಾಲ್ಲೂಕುಗಳಲ್ಲಿ ಮದುವೆಗೋ ದೂರಕ್ಕೋ ಓದು ನಿಂತ ಎಷ್ಟೋ ಮಂದಿಗೆ ಉಳಿದಿರುವ ದಾರಿ ಅದೊಂದೇ.

ಇವರಂಥವರ ಬದುಕನ್ನು ಒಟ್ಟುಗೂಡಿಸಿ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ 2008ರಲ್ಲಿ ಒಂದು ಪುಸ್ತಕ ತಂದಿತು, 'ಲೀಲಾವತೀಸ್ ಡಾಟರ್ಸ್'. ಭಾಸ್ಕರಾಚಾರ್ಯರ ಲೀಲಾವತಿಯ ಕತೆ ನಿಮಗೆ ಗೊತ್ತಿರುತ್ತದೆ: ಹೊತ್ತು ಅಳೆಯುವ ಘಟಿಕಾಪಾತ್ರೆಗೆ ಮುತ್ತು ಬಿದ್ದು ಮದುವೆಯ ಮುಹೂರ್ತ ತಪ್ಪಿತು, ಮಗಳನ್ನು ಸಮಾಧಾನಪಡಿಸಲು ತಂದೆ ಅವಳ ಹೆಸರಿನಲ್ಲಿ ಗ್ರಂಥ ಬರೆದ. ಈ ಕತೆ ಮೂಲ ಗ್ರಂಥದಲ್ಲಿಲ್ಲ. ಅಕ್ಬರನ ಆಸ್ಥಾನದ ಫೈಜಿ 1587ರಲ್ಲಿ ಮಾಡಿದ ಪಾರಸಿ ಅನುವಾದದಿಂದ ಹರಡಿದ್ದು. ಕೈತಪ್ಪಿದ ಮದುವೆಗೆ ಪರಿಹಾರವಾಗಿ ಗಣಿತ ಎಂಬ ಈ ಮಾತನ್ನು ನಾವು ಮಕ್ಕಳಿಗೆ ಹೇಳುವುದನ್ನು ನಿಲ್ಲಿಸಿದರೆ ಒಳ್ಳೆಯದು. 1150ರ ಆ ಗ್ರಂಥದಲ್ಲಿ ನಿಜವಾಗಿ ಇರುವುದು ಅದಕ್ಕಿಂತ ಸೊಗಸಾಗಿದೆ. ಎಳೆಯ ಹುಡುಗಿಯನ್ನು ಎದುರಿಗೆ ಕೂರಿಸಿಕೊಂಡು, ನೀನು ಬಲ್ಲೆಯಾದರೆ ಬೇಗ ಹೇಳು ಎಂದು ಜೇನುನೊಣದ, ಹಂಸದ ಲೆಕ್ಕಗಳನ್ನು ಕೇಳುತ್ತದೆ. ಹುಡುಗಿಗೆ ಇದು ಬಾರದು ಎಂಬ ಅನುಮಾನದ ನೆರಳೂ ಅಲ್ಲಿಲ್ಲ.

ನಾವು ಹುಡುಗಿಯರ ಜೊತೆ ಹಾಗೆ ಮಾತಾಡುತ್ತೇವೆಯೇ? ಫ್ರಾನ್ಸಿನಲ್ಲಿ ನಡೆದ ಒಂದು ಪ್ರಯೋಗ ಇಲ್ಲಿ ನೆನಪಾಗುತ್ತದೆ. 2015-16ರಲ್ಲಿ ಪ್ಯಾರಿಸ್ ಸುತ್ತಲಿನ ಪ್ರೌಢಶಾಲೆಗಳಿಗೆ ವಿಜ್ಞಾನ ಓದಿದ 56 ಮಹಿಳೆಯರು ಹೋಗಿ, ಒಂದೊಂದು ತರಗತಿಯಲ್ಲಿ ಒಂದೇ ಒಂದು ಗಂಟೆ ಮಾತಾಡಿ ಬಂದರು. ಸುಮಾರು ಇಪ್ಪತ್ತು ಸಾವಿರ ವಿದ್ಯಾರ್ಥಿಗಳನ್ನು ಒಳಗೊಂಡ ಪ್ರಯೋಗ. ಹನ್ನೆರಡನೇ ತರಗತಿಯ ವಿಜ್ಞಾನದ ಹುಡುಗಿಯರಲ್ಲಿ ಗಣಿತ, ಎಂಜಿನಿಯರಿಂಗಿನಂಥ ಕಠಿಣ ಕೋರ್ಸು ಹಿಡಿಯುವವರು ನೂರಕ್ಕೆ 11 ಇದ್ದದ್ದು 14 ದಾಟಿತು. ಗಣಿತದಲ್ಲಿ ಚುರುಕಾಗಿದ್ದವರಲ್ಲಿ ಪರಿಣಾಮ ಹೆಚ್ಚು. ಅದಕ್ಕಿಂತ ಮುಖ್ಯ ಇನ್ನೊಂದು: ಈ ಕ್ಷೇತ್ರದಲ್ಲಿ ಹೆಂಗಸರು ಎಷ್ಟು ಕಡಿಮೆ ಎಂದು ಒತ್ತಿ ಹೇಳಿದವರಿಗಿಂತ ತಮ್ಮ ಕೆಲಸ ಎಷ್ಟು ಚೆನ್ನಾಗಿದೆ ಎಂದು ತೋರಿಸಿದವರ ಮಾತು ಹೆಚ್ಚು ನಾಟಿತ್ತು.

ಒಂದು ಗಂಟೆ ನಮ್ಮ ಯಾವ ಶಾಲೆಗೂ ಭಾರವಲ್ಲ. ಪ್ರತಿ ತಾಲ್ಲೂಕಿನಲ್ಲೂ ಪಾಲಿಟೆಕ್ನಿಕ್ಕಿನ ಉಪನ್ಯಾಸಕಿ ಇರುತ್ತಾರೆ, ಭೂಮಾಪನ ಇಲಾಖೆಯಲ್ಲಿ ಸರ್ವೇ ಮಾಡುವಾಕೆ ಇರುತ್ತಾರೆ, ಬ್ಯಾಂಕಿನಲ್ಲೋ ವಿಮೆಯಲ್ಲೋ ಅಂಕಿಯ ಜೊತೆಗೇ ದಿನ ಕಳೆಯುವವರು, ರಜೆಗೆ ಊರಿಗೆ ಬಂದ ಎಮ್ಮೆಸ್ಸಿ ವಿದ್ಯಾರ್ಥಿನಿ. ಆ ಚೀಟಿ ನಡೆಸುವ ಅಮ್ಮನೂ ಬರಲಿ. ಕರೆದ ಮೇಲೆ ನಮ್ಮ ಅಭ್ಯಾಸದಂತೆ ಶಾಲು, ಹಾರ, ಅಧ್ಯಕ್ಷೀಯ ಭಾಷಣದಲ್ಲಿ ಆ ಗಂಟೆ ಕಳೆದುಹೋಗದಿರಲಿ. ತಾವು ಪಟ್ಟ ಕಷ್ಟವನ್ನು ಅವರು ಎರಡು ಮಾತಿನಲ್ಲಿ ಹೇಳಿ ಮುಗಿಸಲಿ. ಬರುವಾಗ ಈಚೆಗೆ ಕೈಗೆತ್ತಿಕೊಂಡ, ಇನ್ನೂ ಪೂರ್ತಿ ಬಿಡಿಸಲಾಗದ ಲೆಕ್ಕವೊಂದನ್ನು ತರಲಿ. ಸೀಮೆಸುಣ್ಣ ಹಿಡಿದು ಮಕ್ಕಳೆದುರು ಬಿಡಿಸಲು ಶುರು ಮಾಡಲಿ, ಸಿಕ್ಕಿಹಾಕಿಕೊಂಡಾಗ ಡಸ್ಟರ್ ತೆಗೆದುಕೊಂಡು ಒರೆಸಲಿ, ಆಮೇಲೆ ಮುಂದಿನ ಸಾಲನ್ನು ಬರೆಯಲು ಎರಡನೇ ಬೆಂಚಿನ ಹುಡುಗಿಯನ್ನು ಕರೆಯಲಿ.