ಅಪ್ಪನ ಡೀಸೆಲ್ ಕಾರಿಗೆ ಎಷ್ಟು ಕೊಡ್ತೀರಿ?

‘ನಾಲ್ಕು ಲಕ್ಷಕ್ಕಿಂತ ಒಂದು ರೂಪಾಯಿ ಕಡಿಮೆಯಾದ್ರೂ ಕೊಡಲ್ಲ’ ಅಂತ ಅಪ್ಪ ಮೊದಲೇ ಹೇಳಿಬಿಟ್ಟಿದ್ದರು. ನಾನು ಬೆಂಗಳೂರಲ್ಲಿ ಕೂತು, ಹಳೇ ಕಾರು ಕೊಳ್ಳುವ ಒಂದು ಆ್ಯಪ್‌ನಲ್ಲಿ ನಂಬರ್ ಹಾಕಿದೆ. ಯಾವ ವರ್ಷ, ಯಾವ ಮಾಡೆಲ್, ಎಷ್ಟನೇ ಓನರ್, ಎಷ್ಟು ಕಿಲೋಮೀಟರ್. ಇಷ್ಟೇ ಅದು ಕೇಳಿದ್ದು. ಬಂದ ಉತ್ತರ 1.95 ಲಕ್ಷ. ಅದನ್ನ ಶಿವಮೊಗ್ಗಕ್ಕೆ ಫೋನ್ ಮಾಡಿ ಹೇಳೋ ಧೈರ್ಯ ಬರಲಿಲ್ಲ.

ಕಾರು 2012ರ ಸ್ವಿಫ್ಟ್ ಡಿಸೈರ್ ವಿಡಿಐ. ಓಡಿದ್ದು 1,21,000 ಕಿಲೋಮೀಟರ್. ಗ್ಲೋವ್ ಬಾಕ್ಸ್‌ನಲ್ಲಿ ಒಂದು ಡೈರಿ ಇದೆ, ಹಾಕಿಸಿದ ಪ್ರತಿ ಲೀಟರ್ ಡೀಸೆಲ್‌ನ ಲೆಕ್ಕ ಅದರಲ್ಲಿ. ಸರ್ವಿಸ್ ಬಿಲ್‌ಗಳೆಲ್ಲ ಒಂದು ಫೈಲ್‌ನಲ್ಲಿ. ಅಪ್ಪನ ನಾಲ್ಕು ಲಕ್ಷಕ್ಕೆ ಆಧಾರ ಏನು ಅಂತ ವಿಚಾರಿಸಿದರೆ ಇನ್ಶೂರೆನ್ಸ್ ಪಾಲಿಸಿ ತೋರಿಸಿದರು. ಅದರಲ್ಲಿ ಐಡಿವಿ ಮೂರೂವರೆ ಲಕ್ಷ! ಇದರಲ್ಲಿ ಒಂದು ಮರ್ಮ ಇದೆ. ಐದು ವರ್ಷದವರೆಗೆ ಐಡಿವಿಗೆ ನಿಗದಿತ ಸವಕಳಿ ಪಟ್ಟಿ ಇರುತ್ತೆ, ಐದನೇ ವರ್ಷಕ್ಕೆ ಶೇ 50 ಕಳೆದಿರುತ್ತಾರೆ. ಆಮೇಲಿನದು ಕಂಪನಿ ಮತ್ತು ನಾವು ಒಪ್ಪಿಕೊಂಡ ಮೊತ್ತ ಅಷ್ಟೇ. ಅಪ್ಪ ಪ್ರತಿ ವರ್ಷ ಪ್ರೀಮಿಯಂ ಸ್ವಲ್ಪ ಜಾಸ್ತಿ ಕಟ್ಟಿ ಕಾರಿನ ಮರ್ಯಾದೆ ಉಳಿಸಿಕೊಂಡು ಬಂದಿದ್ದರು. ಮಾರುಕಟ್ಟೆಗೂ ಅದಕ್ಕೂ ಸಂಬಂಧವಿಲ್ಲ.

ಹಾಗಾದರೆ ಆ್ಯಪ್ ಹೇಳಿದ್ದು ಸರಿಯಾ? ಅದೂ ಪೂರ್ತಿ ಸರಿಯಲ್ಲ. ಅದು ನೋಡಿದ್ದು ಮುಖ್ಯವಾಗಿ ಕ್ಯಾಲೆಂಡರ್. ನಮ್ಮಲ್ಲಿ ಖಾಸಗಿ ಕಾರಿನ ಆರ್‌ಸಿಗೆ 15 ವರ್ಷ ಆಯುಷ್ಯ. ಅದು ಮುಗಿದ ಮೇಲೆ ಫಿಟ್‌ನೆಸ್ ತಪಾಸಣೆ, ಹಸಿರು ತೆರಿಗೆ, ಮತ್ತೆ ನವೀಕರಣದ ಶುಲ್ಕ. ಮೊದಲು 600 ರೂಪಾಯಿ ಇದ್ದ ಆ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯ್ತು. ನಮ್ಮ ಕಾರಿಗೆ ಉಳಿದಿದ್ದು ಎರಡು ವರ್ಷ ಚಿಲ್ಲರೆ. ಡೀಲರ್‌ಗಳು ಬಾನೆಟ್ ಎತ್ತೋಕೂ ಮುಂಚೆ ಆರ್‌ಸಿಯಲ್ಲಿ ಆ ತಾರೀಕು ನೋಡ್ತಾರೆ. ಇದರ ಮೇಲೆ ದೆಹಲಿಯ ಭಯ ಬೇರೆ. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸಬಾರದು ಅಂತ 2015ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿ ಹಿಡಿಯಿತು. ಅದು ದೆಹಲಿ ಸುತ್ತಮುತ್ತಲಿಗೆ ಕೊಟ್ಟ ಆದೇಶ. ಆದರೆ ‘ಡೀಸೆಲ್ ಅಲ್ವಾ ಸಾರ್, ನಾಳೆ ಇಲ್ಲಿಗೂ ಬರಬಹುದು’ ಅನ್ನೋ ಒಂದು ಮಾತಿಗೆ ಇಲ್ಲಿ ಮೂವತ್ತು ಸಾವಿರ ಇಳಿಯುತ್ತೆ.

ಅಪ್ಪ ಕಾರು ಕೊಂಡಾಗ ಪೆಟ್ರೋಲ್‌ಗೂ ಡೀಸೆಲ್‌ಗೂ ಲೀಟರ್‌ಗೆ ಸುಮಾರು 30 ರೂಪಾಯಿ ಅಂತರ ಇತ್ತು. 2014ರ ಅಕ್ಟೋಬರ್‌ನಲ್ಲಿ ಡೀಸೆಲ್ ಬೆಲೆ ಸರ್ಕಾರದ ಕೈಬಿಟ್ಟ ಮೇಲೆ ಆ ಲಾಭ ಕರಗಿತು. ಇನ್ನೊಂದು ಕಡೆ, 2020ರಲ್ಲಿ ಬಿಎಸ್6 ಬಂದಾಗ ಮಾರುತಿ ಡೀಸೆಲ್ ಕಾರು ಮಾಡೋದನ್ನೇ ನಿಲ್ಲಿಸಿತು. ಅಂದರೆ ದಿನಾ ದೂರ ಓಡಾಡುವವರಿಗೆ, ಘಾಟಿ ಹತ್ತಿ ಇಳಿಯುವವರಿಗೆ ಒಂದು ಚಿಕ್ಕ ಡೀಸೆಲ್ ಡಿಸೈರ್ ಬೇಕಿದ್ದರೆ ಹಳೆಯದನ್ನೇ ಹುಡುಕಬೇಕು. ನಮ್ಮ ಕಾರಿನ ಗಿರಾಕಿ ಬೆಂಗಳೂರಿನ ಆ್ಯಪ್‌ನಲ್ಲಿ ಅಲ್ಲ, ಮಲೆನಾಡಲ್ಲೇ ಇದ್ದಾನೆ ಅಂತ ಆಗ ಹೊಳೀತು.

ಶನಿವಾರ ಊರಿಗೆ ಹೋದೆ. ಹೈಸ್ಕೂಲ್ ಗೆಳೆಯನೊಬ್ಬ ಗ್ಯಾರೇಜ್ ಇಟ್ಟಿದ್ದಾನೆ. ಬೆಳಗ್ಗೆ ಆರೂವರೆಗೇ ಬಂದ. ಮೊದಲು ಬಾನೆಟ್ ಮುಟ್ಟಿ ನೋಡಿದ, ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದೀವಾ ಅಂತ! ತಣ್ಣಗಿದ್ದ ಎಂಜಿನ್ ಒಂದೇ ಸಲಕ್ಕೆ ಎದ್ದಿತು. ಈ 1.3 ಲೀಟರ್ ಎಂಜಿನ್‌ಗೆ ಟೈಮಿಂಗ್ ಬೆಲ್ಟ್ ಇಲ್ಲ, ಚೈನ್ ಇದೆ. ಮೊದಲ ಕೆಲವು ಸೆಕೆಂಡ್ ಅದರ ಸದ್ದನ್ನೇ ಕಿವಿಗೊಟ್ಟು ಕೇಳಿದ. ಹೊಗೆ ನೀಲಿ ಇದ್ದರೆ ಆಯಿಲ್ ಸುಡ್ತಿದೆ ಅಂತ, ಆಕ್ಸಿಲರೇಟರ್ ಒತ್ತಿದಾಗ ದಟ್ಟ ಕಪ್ಪು ಬಂದರೆ ಇಂಜೆಕ್ಟರೋ ಟರ್ಬೋನೋ ಕೈ ಕೊಡ್ತಿದೆ ಅಂತ ಅನುಮಾನ. ಆಯಿಲ್ ಕಪ್ಪಗಿದೆ ಅಂತ ನಾನು ಗಾಬರಿಯಾದೆ. ‘ಡೀಸೆಲ್‌ನಲ್ಲಿ ಅದು ಹಾಗೇ ಕಣೋ, ಇಂಜಿನಿಯರಿಂಗ್ ಓದಿದ್ದೀಯಲ್ಲ’ ಅಂದ. ಎಂಜಿನ್ ಓಡ್ತಿದ್ದಾಗಲೇ ಆಯಿಲ್ ಮುಚ್ಚಳ ತೆಗೆದು ಅಂಗೈ ಹಿಡಿದ. ಬುಸ್ ಬುಸ್ ಅಂತ ಗಾಳಿ ಒದ್ದರೆ ಪಿಸ್ಟನ್ ರಿಂಗ್ ಸವೆದಿದೆ ಅಂತ ಅರ್ಥ. ಇದರಲ್ಲಿ ಹಾಗಿರಲಿಲ್ಲ. ಟೈರ್ ಮೇಲಿನ ನಾಲ್ಕು ಅಂಕಿ ಓದಿದ: ಮೊದಲೆರಡು ವಾರ, ಕೊನೆಯ ಎರಡು ವರ್ಷ. 2018ರ ಟೈರ್‌ಗಳು.

ಆಮೇಲೆ ಕಾಫಿ ಕುಡೀತಾ ಅವನು ಹಾಕಿದ ಲೆಕ್ಕ ನನಗೆ ಹೊಸದು. ಊರ ಕಡೆ ಈ ಮಾಡೆಲ್‌ಗೆ ಮೂರು ಲಕ್ಷದ ಹತ್ತಿರ ನಡೀತಿದೆ. ಅದರಿಂದ ಮುಂದಿನ ಒಂದು ವರ್ಷದಲ್ಲಿ ಬರುವ ಖರ್ಚು ಕಳೀಬೇಕು. ಇಲ್ಲಿ ಟೈರ್‌ಗೆ ಇಪ್ಪತ್ತು ಸಾವಿರ ಬಿಟ್ಟರೆ ಏನಿಲ್ಲ. 2.80 ಲಕ್ಷ. ಚೆನ್ನಾಗಿ ಇಟ್ಟುಕೊಂಡಿದ್ದಕ್ಕೆ ಅಂತ ಮೇಲೆ ಏನೂ ಸೇರಲ್ಲ, ಕಳೆಯೋದು ಕಡಿಮೆಯಾಗುತ್ತೆ ಅಷ್ಟೇ.

ಅಪ್ಪನಿಗೆ ಇದು ಚುಚ್ಚಿತು. ‘ಹಾಗಾದ್ರೆ ಸರಿಯಾಗಿ ನೋಡಿಕೊಳ್ಳದೇ ಇದ್ದವನೇ ಜಾಣನಾ?’

‘ಅಂಕಲ್, ಹದಿಮೂರು ವರ್ಷದಲ್ಲಿ ಒಂದು ಸಲನಾದ್ರೂ ದಾರೀಲಿ ನಿಂತಿದ್ಯಾ ಇದು?’ ಅಂದ ಅವನು.

ಅಪ್ಪ ಮಾತಾಡಲಿಲ್ಲ. ಡೈರಿ ತಿರುವಿ ಹಾಕ್ತಾ ಕೂತರು.

ಎರಡು ವಾರಕ್ಕೆ ತೀರ್ಥಹಳ್ಳಿ ಕಡೆಯ ಅಡಿಕೆ ತೋಟದವರೊಬ್ಬರು ಬಂದರು. ಮಗಳು ಮಣಿಪಾಲದಲ್ಲಿ ಓದ್ತಿದ್ದಾಳೆ, ಆಗುಂಬೆ ಘಾಟಿ ಇಳಿದು ಹತ್ತೋದು ಇದ್ದೇ ಇರುತ್ತೆ. ಅವರು ಕಾರಿಗಿಂತ ಆ ಡೈರಿಯನ್ನೇ ಹೆಚ್ಚು ಹೊತ್ತು ನೋಡಿದರು. 2.80ಕ್ಕೆ ತಕರಾರಿಲ್ಲದೆ ಒಪ್ಪಿದರು. ಎಲ್ಲ ಮುಗೀತು ಅನ್ನುವಾಗ ಅಪ್ಪನೇ ‘ಹಿಂದಿನ ಎಡಗಡೆ ಕಿಟಕಿ ಮೋಟರ್ ಸ್ವಲ್ಪ ನಿಧಾನ, ಒಂದೆರಡು ಸಾವಿರ ಕಮ್ಮಿ ಕೊಡಿ’ ಅಂದರು. ನಾನು ಕಣ್ಣು ಸನ್ನೆ ಮಾಡಿದ್ದು ಅವರಿಗೆ ಕಾಣಲೇ ಇಲ್ಲ.

ಹಣ ಬಂದ ಕೂಡಲೇ ಕೈ ತೊಳೆದುಕೊಳ್ಳೋ ಹಾಗಿಲ್ಲ. ರಾಜ್ಯದೊಳಗೇ ಮಾರಿದರೆ 14 ದಿನದೊಳಗೆ ಮಾರಿದವರು ಆರ್‌ಟಿಒಗೆ ತಿಳಿಸಬೇಕು. ಆರ್‌ಸಿಯಲ್ಲಿ ಹೆಸರು ಬದಲಾಗುವ ಮುಂಚೆ ಅಪಘಾತವಾದರೆ ಹೊಣೆ ಹಳೇ ಓನರ್‌ದೇ ಅಂತ 2018ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಅದಕ್ಕೇ ಅಪ್ಪನ ಫೋನಿಗೆ ಎಂಪರಿವಾಹನ್ ಹಾಕಿಕೊಟ್ಟು ಬಂದೆ. ಹೆಸರು ಬದಲಾಗಿ ತಿಂಗಳಾಯ್ತು. ಅಮ್ಮ ಹೇಳೋ ಪ್ರಕಾರ, ಅವರು ಈಗಲೂ ದಿನಾ ಸಂಜೆ ಆ ನಂಬರ್ ಹಾಕಿ ನೋಡ್ತಾರಂತೆ.